ಎರಡು ಮಗ್ಗುಲಿನ ಗಾಡಿ

"ಅಲ್ಲಿಂದ ಹೊರಗೆ ಬನ್ನಿ. ಆ ಗಾಡಿ ನಂದು."

ರೀಕಾ ಇದನ್ನು ಹೇಳಿದ್ದು ಒಂದು ಕೈಗೆ. ಅವಳಿಗೆ ಕಾಣುತ್ತಿದ್ದುದು ಕೈ ಮಾತ್ರ. ಉಳಿದ ಮನುಷ್ಯ ಹಳೆಯ ಬ್ಯೂಕ್ ವ್ಯಾಗನ್ ಕಾರಿಗೂ ಕೊಟ್ಟಿಗೆಯ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಂಡಿದ್ದ. ಧೂಳು ಮೆತ್ತಿದ ಗಾಡಿಯ ಬಲಮಗ್ಗುಲ ಮೇಲೆ ಆ ಕೈ ಮೆಲ್ಲಗೆ ಸರಿಯುತ್ತಿತ್ತು, ಮಲಗಿದ ಕುದುರೆಯ ಮೈ ಸವರಿದ ಹಾಗೆ.

"ಕೇಳಿಸ್ತಾ? ನಾನು ಮೊದಲು ಬಂದೋಳು. ಯಜಮಾನರ ಹತ್ರ ಮಾತಾಗಿದೆ."

"ಕೇಳಿಸ್ತು," ಎಂದಿತು ಸಂದಿ.

ಮನುಷ್ಯ ಮಾತ್ರ ಹೊರಗೆ ಬರಲಿಲ್ಲ.

ಗಾಡಿಯ ಯಜಮಾನ, ಆ ತೋಟದ ಮುದುಕ, ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ. "ನೀವಿಬ್ರೂ ಜಗಳ ಮುಗಿಸ್ಕೊಳ್ಳಿ. ನಾನು ಕಾಫಿ ಕುಡಿದು ಬರ್ತೀನಿ," ಎಂದು ಮನೆಯತ್ತ ನಡೆದ.

ಕೊನೆಗೆ ಅವನು ಅಡ್ಡಡ್ಡ ಹೆಜ್ಜೆ ಹಾಕುತ್ತ ಹೊರಬಂದ. ಎತ್ತರದ ಆಳು. ವಯಸ್ಸು ಐವತ್ತರ ಆಸುಪಾಸು. ಅಂಗಿಯ ಅರ್ಧಭಾಗ ಧೂಳು. ಕಣ್ಣು ಕೆಂಪಾಗಿತ್ತು. ಕಣ್ಣಿಗೂ ಧೂಳು ಹೋಗಿರಬೇಕು ಎಂದುಕೊಂಡಳು ರೀಕಾ.

"ಇದನ್ನ ಬಹಳ ವರ್ಷದಿಂದ ಹುಡುಕ್ತಿದ್ದೆ," ಎಂದ.

ಹಳೆಯ ವ್ಯಾಗನ್ನಿನ ಹುಚ್ಚು ಹಿಡಿದವರೆಲ್ಲ ಹೀಗೇ ಹೇಳುತ್ತಾರೆ. ಆ ವರ್ಷದ, ಆ ಮಾದರಿಯ ಗಾಡಿ ಎಂದು ಅದರ ಅರ್ಥ. ರೀಕಾ ಕೂಡ ಹಾಗೆಯೇ ಅರ್ಥ ಮಾಡಿಕೊಂಡಳು. ಆದರೂ ಗಾಡಿಯತ್ತ ತಿರುಗಿದಾಗ ಅವನ ಮುಖದಲ್ಲಿದ್ದುದು ಕೊಳ್ಳುವವನ ಆಸೆಯಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಒಳಗಿನಿಂದ ಸುದ್ದಿಗಾಗಿ ಕಾಯುವವರ ಮುಖ ಅದು...

ಅವಳಿಗೂ ಆ ಗಾಡಿ ಬೇಕಿತ್ತು. ಎಪ್ಪತ್ತೆರಡನೇ ಇಸವಿಯ ಬ್ಯೂಕ್. ದೋಣಿಯಷ್ಟು ಉದ್ದ, ಎರಡೂ ಪಕ್ಕದಲ್ಲಿ ಮರದ ಗೆರೆಯ ಹೊದಿಕೆ. ಮರವಲ್ಲ ಅದು, ಮರದ ಚಿತ್ರವಿರುವ ತೆಳು ಹಾಳೆ. ಅದನ್ನು ಕೀಳುವುದು, ಹೊಸದನ್ನು ಗುಳ್ಳೆಯೇಳದಂತೆ ಕೂರಿಸುವುದು ರೀಕಾಳ ಕಸುಬು. ಗ್ರ್ಯಾಂಡ್ ರ್ಯಾಪಿಡ್ಸ್‌ ನಗರದ ಸಂಸಾರ ಮುರಿದು ಹುಟ್ಟೂರು ವೆಸ್ಟರ್‌ಹೋಕ್‌ಗೆ ಮರಳಿದ ಮೇಲೆ, ಹಾರ್ಮ್ ಚಿಕ್ಕಪ್ಪನ ಶೆಡ್ಡಿನಲ್ಲಿ ಅವಳು ಅದಕ್ಕೊಂದು ಅಂಗಡಿ ಹಾಕಿಕೊಂಡಿದ್ದಳು. ಅಂಗಡಿಗೆ ಇನ್ನೂ ಹೆಸರು ಬಂದಿರಲಿಲ್ಲ.

'ನೀನು ಯಾವುದನ್ನೂ ಪೂರ್ತಿ ಮುಗಿಸೋಳಲ್ಲ.' ಬಿಟ್ಟುಬಂದ ಗಂಡ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ ಮಾತು ಅದು. ಆಗಸ್ಟಿನ ಬ್ಲೂಬೆರಿ ಹಬ್ಬದ ಮೆರವಣಿಗೆಯಲ್ಲಿ, ಇಡೀ ಊರಿನ ಎದುರು, ತಾನು ಮುಗಿಸಿದ ಒಂದು ಗಾಡಿ ಹೋಗಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

"ಗಾಡಿ ನೀವೇ ತಗೊಳ್ಳಿ," ಎಂದಳು, ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆರಗಾಗಿ. "ಆದ್ರೆ ಅದರ ಕೆಲಸ ನಾನು ಮಾಡ್ತೀನಿ. ಹಬ್ಬದ ಮೆರವಣಿಗೆಗೆ ಅದು ಹೋಗಬೇಕು. ಒಪ್ಪಿಗೇನಾ?"

ಅವನು ಅಂಗಿಯ ಧೂಳು ಕೊಡವಿಕೊಂಡ.

"ಒಪ್ಪಿಗೆ. ಒಂದೇ ಮಾತು... ಗಾಡಿ ಒರಿಜಿನಲ್ ಆಗಿರಬೇಕು."

"ನಾನು ಮಾಡೋದೇ ಅದು," ಎಂದಳು ರೀಕಾ ಹೆಮ್ಮೆಯಿಂದ.

*

ಅವನ ಹೆಸರು ತೂನಿಸ್ ಬ್ರಾಂಡ್ಸ್ಮಾ. ಚಳಿಗಾಲದಲ್ಲಿ ಕೌಂಟಿಯ ಹಿಮ ಸರಿಸುವ ಲಾರಿ ಓಡಿಸುತ್ತಾನೆ, ಬೇಸಿಗೆಯಲ್ಲಿ ರಸ್ತೆಯ ಗುಂಡಿ ಮುಚ್ಚುತ್ತಾನೆ. ಪ್ರತಿ ಶನಿವಾರ ಶೆಡ್ಡಿಗೆ ಬರುತ್ತಿದ್ದ. ಬಾದಾಮಿ ತುಂಬಿದ ಬಾಂಕೆಟ್ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ತಂದು ಅವಳ ಕೆಲಸದ ಮೇಜಿನ ಮೇಲಿಟ್ಟು, ಏನೂ ಹೇಳದೆ ಅಂಗಿಯ ತೋಳು ಮಡಚಿ ಕೆಲಸಕ್ಕಿಳಿಯುತ್ತಿದ್ದ.

"ಇವನು ಮೂಗನೇನೇ?" ಎಂದು ಹಾರ್ಮ್ ಚಿಕ್ಕಪ್ಪ ಮೊದಲ ವಾರವೇ ಕೇಳಿದ.

"ಮಾತು ಕಮ್ಮಿ, ಚಿಕ್ಕಪ್ಪ."

"ಚರ್ಚಿನಲ್ಲಿ ಪಕ್ಕದಲ್ಲಿ ಕೂರಿಸ್ಕೊಳ್ಳೋಕೆ ಒಳ್ಳೆ ಜನ. ಜೀವನಕ್ಕೆ ಹೇಗೋ ಗೊತ್ತಿಲ್ಲ."

ರೀಕಾ ನಕ್ಕು ಸುಮ್ಮನಾದಳು. ಮಾತಿನ ಮನೆಯಿಂದ ಬಂದವಳು ಅವಳು. ಅಲ್ಲಿ ಪ್ರತಿ ಮಾತಿಗೂ ಒಂದು ಮುಳ್ಳಿತ್ತು. ಈ ಮನುಷ್ಯನ ಮೌನದಲ್ಲಿ ಮುಳ್ಳಿರಲಿಲ್ಲ. ಅದರ ಪಕ್ಕದಲ್ಲಿ ಕೂತು ಕೆಲಸ ಮಾಡಬಹುದಿತ್ತು.

ಗಾಡಿಯ ಹಿಂಬಾಗಿಲೇ ಅವರಿಬ್ಬರನ್ನು ಹತ್ತಿರ ತಂದದ್ದು. ಆ ಕಾಲದ ವ್ಯಾಗನ್ನುಗಳಲ್ಲಿ ಹಿಂಬಾಗಿಲು ಹೊರಕ್ಕೆ ತೆರೆಯುವುದಿಲ್ಲ. ಕೀಲಿ ತಿರುಗಿಸಿದರೆ ಗಾಜು ಮೇಲೆದ್ದು ಚಾವಣಿಯೊಳಗೆ ಸೇರುತ್ತದೆ, ಬಾಗಿಲು ಕೆಳಗಿಳಿದು ನೆಲದಡಿಗೆ ಹೋಗುತ್ತದೆ. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಈ ಗಾಡಿಯಲ್ಲಿ ಎರಡೂ ಬಿಗಿದುಕೊಂಡಿದ್ದವು. ವಾರಗಟ್ಟಲೆ ಇಬ್ಬರೂ ತುಕ್ಕು ಉಜ್ಜಿ, ಹಳಿಗಳಿಗೆ ಗ್ರೀಸ್ ಬಳಿದು, ಮೋಟರು ಬಿಚ್ಚಿ ಕೂಡಿಸಿದರು.

ಒಂದು ಶನಿವಾರ ರೀಕಾ ಗಾಡಿಯೊಳಗೆ ಮೊಣಕಾಲೂರಿ ಕೂತಿದ್ದಳು. ಹೊರಗೆ ತೂನಿಸ್ ಕೀಲಿ ತಿರುಗಿಸಿದ.

ಮೋಟರು ನರಳಿತು... ಗುಂಯ್ಗುಟ್ಟಿತು... ಗಾಜು ಮೇಲಕ್ಕೆ ಜಾರಿತು, ಬಾಗಿಲು ನೆಲದಡಿಗೆ ಇಳಿಯಿತು. ಅವಳ ಎದುರಿಗಿದ್ದ ತಗಡಿನ ಗೋಡೆ ಮಾಯವಾಗಿ, ಅದರ ಜಾಗದಲ್ಲಿ ಅವನ ಮುಖವಿತ್ತು. ಗೇಣು ದೂರದಲ್ಲಿ. ಅವನು ನಗುತ್ತಿದ್ದ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ತೆರೀತು," ಎಂದ ತೂನಿಸ್.

"ಹೂಂ. ತೆರೀತು."

ಇಬ್ಬರೂ ಬಾಗಿಲ ಬಗ್ಗೆಯೇ ಮಾತಾಡಿದ್ದರು. ಆದರೂ ರೀಕಾಳ ಕಿವಿ ಬಿಸಿಯಾಯಿತು.

*

ಹಬ್ಬ ಹತ್ತಿರವಾಯಿತು. ಉಳಿದದ್ದು ಮಗ್ಗುಲಿನ ಹೊದಿಕೆ. ಅದನ್ನು ಅವನಿಗೆ ಹೇಳದೆ ಮುಗಿಸಿ ಬೆರಗುಗೊಳಿಸಬೇಕು ಎಂದು ರೀಕಾಳಿಗೆ ಆಸೆಯಾಯಿತು. ಶೆಡ್ಡು ಇಕ್ಕಟ್ಟು. ಇಲ್ಲಿಯೂ ಗಾಡಿಯ ಬಲಮಗ್ಗುಲು ಗೋಡೆಗೆ ಒತ್ತಿಕೊಂಡಿತ್ತು. ಹಾಗಾಗಿ ಎಡಗಡೆಯಿಂದಲೇ ಶುರುಮಾಡಿದಳು.

ಎಡಗಡೆ ಕೊಟ್ಟಿಗೆಯ ಕಿಟಕಿಗೆ ಮುಖಮಾಡಿ ಬಿಸಿಲು ತಿಂದು ಬೂದಿ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಮಾಸಲು ಕಂದು ಪಟ್ಟೆಗಳು. ಯಾರೋ ಹಿಂದೆ ಟೇಪ್ ಅಂಟಿಸಿ ಕಿತ್ತ ಗುರುತು. ಇಂಥ ಕಲೆ ಕಂಡರೆ ಅವಳ ಕಸುಬಿನವರಿಗೆ ಮೈ ಉರಿಯುತ್ತದೆ. ಬಿಸಿಗಾಳಿಯ ಯಂತ್ರ ಹಿಡಿದು, ಅಂಚು ಎತ್ತಿ, ಪಟ್ಟಿಪಟ್ಟಿಯಾಗಿ ಎಲ್ಲವನ್ನೂ ಸುಲಿದಳು. ಅಂಟು ಒರೆಸಿದಳು. ಸೋಪುನೀರು ಸಿಂಪಡಿಸಿ ಹೊಸ ಹೊದಿಕೆ ಹಾಸಿ, ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಜೇನಿನ ಬಣ್ಣದ ಮರ ಶೆಡ್ಡಿನ ಬೆಳಕನ್ನೆಲ್ಲ ಕುಡಿದಂತೆ ಹೊಳೆಯಿತು.

ಇಷ್ಟು ಒಳ್ಳೆಯ ಕೆಲಸವನ್ನು ಅವಳು ಜೀವನದಲ್ಲಿ ಮಾಡಿರಲಿಲ್ಲ.

ಶನಿವಾರ ತೂನಿಸ್ ಬಂದ. ರೊಟ್ಟಿಯ ಪೊಟ್ಟಣ ಕೈಯಲ್ಲೇ ಉಳಿಯಿತು. ಎಡಮಗ್ಗುಲ ಮುಂದೆ ನಿಂತವನು ನಿಂತೇ ಇದ್ದ. ರೀಕಾ ಅವನ ಮುಖವನ್ನೇ ನೋಡುತ್ತಿದ್ದಳು. ಈಗ ನಗುತ್ತಾನೆ... ಈಗ...

"ಆ ಕಡೆ?" ಎಂದು ಕೇಳಿದ ಅವನು, ದನಿ ಒಣಗಿ.

"ಸೋಮವಾರ ಶುರು."

ಅವನು ಗೋಡೆಯ ಸಂದಿಯಲ್ಲಿ ತೂರಿ ಸ್ವಲ್ಪ ಹೊತ್ತು ಅಲ್ಲಿದ್ದ. ಹೊರಗೆ ಬಂದಾಗ ಅವಳತ್ತ ನೋಡಲಿಲ್ಲ.

"ಚೆನ್ನಾಗಿ ಮಾಡಿದೀರಿ," ಎಂದು ನೆಲಕ್ಕೆ ಹೇಳಿ, ಹೊರಟುಹೋದ.

ಏನು ತಪ್ಪಾಯಿತು? ಬಣ್ಣ ಹಿಡಿಸಲಿಲ್ಲವೇ? ಇಲ್ಲ... ನನ್ನ ಮುಖದಲ್ಲಿ ಏನೋ ಕಂಡಿರಬೇಕು. ನಾನು ಕಾಯುತ್ತಿದ್ದುದು ಬರೀ ಹೊಗಳಿಕೆಗಲ್ಲ ಎಂದು ಗೊತ್ತಾಗಿ ಹೆದರಿರಬೇಕು. ರೀಕಾ ಅವತ್ತು ಊಟ ಮಾಡಲಿಲ್ಲ.

*

ಸೋಮವಾರ ಗಾಡಿಯನ್ನು ಅಂಗಳಕ್ಕೆ ತಂದು ಬಲಮಗ್ಗುಲಿಗೆ ನೀರು ಹಾಯಿಸಿದಳು. ದಶಕಗಳ ಧೂಳು ಕೆಸರಾಗಿ ಇಳಿಯಿತು. ಬಿಸಿಲು ಬಿತ್ತು.

ಇಲ್ಲೂ ಕಂದು ಪಟ್ಟೆಗಳು. ಆದರೆ ಗೋಡೆಯ ನೆರಳಲ್ಲಿದ್ದ ಈ ಕಡೆ ಅವು ಮಾಸಿರಲಿಲ್ಲ. ಪಟ್ಟೆಗಳು ಕೂಡಿದವು. ಅಕ್ಷರಗಳಾದವು.

'ಬ್ಲೂಬೆರಿ — ನೀವೇ ಕೊಯ್ಯಿರಿ.' ಸೊಟ್ಟಸೊಟ್ಟ ಅಕ್ಷರ, ಒಂದು ಮೇಲೆ, ಒಂದು ಕೆಳಗೆ. ಯಾರೋ ಕೈಯಿಂದ ಟೇಪ್ ಕತ್ತರಿಸಿ ಅಂಟಿಸಿದ್ದರು. ಟೇಪ್ ಎಂದೋ ಹೋಗಿತ್ತು. ಅದು ಮುಚ್ಚಿದ್ದ ಜಾಗ ಮಾತ್ರ ಬಿಸಿಲು ಕಾಣದೆ ಹೊಸ ಮರದ ಬಣ್ಣದಲ್ಲೇ ಉಳಿದಿತ್ತು. ಕೆಳಗೆ, ಚಕ್ರದ ಹತ್ತಿರ, ಇನ್ನೊಂದು ಪದ: ಬ್ರಾಂಡ್ಸ್ಮಾ.

ತೂನಿಸ್ ಬ್ರಾಂಡ್ಸ್ಮಾ.

ಅವಳ ಕೈಯಿಂದ ನೀರಿನ ಪೈಪು ಜಾರಿತು.

ಹಳೆಯ ಗಾಡಿಗಳ ಲೋಕದಲ್ಲಿ ಒರಿಜಿನಲ್ ಎಂಬ ಪದಕ್ಕೆ ಎರಡು ಅರ್ಥ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಎನ್ನುವವರು ಕೆಲವರು. ಯಾರೂ ಮುಟ್ಟದೆ, ಇಂದಿಗೆ ಹೇಗೆ ಉಳಿದು ಬಂದಿದೆಯೋ ಹಾಗೆ ಎನ್ನುವವರು ಕೆಲವರು. ಈ ಎರಡು ಪಂಗಡದವರು ಗಾಡಿ ಮೇಳಗಳಲ್ಲಿ ಕಾಫಿ ಆರುವವರೆಗೆ ಜಗಳವಾಡುತ್ತಾರೆ. ಯಾವ ಅರ್ಥ ಎಂದು ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ. 'ಇದನ್ನ ಹುಡುಕ್ತಿದ್ದೆ' ಎಂದಿದ್ದ. ಇಂಥದ್ದನ್ನಲ್ಲ, ಇದನ್ನ.

ಅವನಿಗೆ ಫೋನ್ ಮಾಡಿದಳು.

"ನಂಗೆ ಗೊತ್ತಿರ್ಲಿಲ್ಲ... ಎಡಗಡೆ ಅಕ್ಷರ... ಸುಲಿದುಬಿಟ್ಟೆ. ನಿಮ್ಮ ಮುಖ ನೋಡೋಕೆ ನಂಗೆ... ಗಾಡಿ ತಗೊಂಡು ಹೋಗಿ. ಇನ್ನು ನನ್ನ ಕೈಲಿ ಆಗಲ್ಲ."

ಆ ಕಡೆ ಮೌನ. ಇಷ್ಟು ದಿನ ಅವಳಿಗೆ ಹಿತವಾಗಿದ್ದ ಅದೇ ಮೌನ.

"ಸರಿ," ಎಂದ ತೂನಿಸ್.

ಮುಂದಿನ ಶನಿವಾರ ಅವನು ಬರಲಿಲ್ಲ.

*

ಬಂದದ್ದು ಅವನ ತಾಯಿ.

ಎಂಬತ್ತು ದಾಟಿದ ಹೆಂಗಸು, ಕೈಯಲ್ಲಿ ಊರುಗೋಲು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬಲಮಗ್ಗುಲ ಮುಂದೆ ನಿಂತು ಗಟ್ಟಿಯಾಗಿ ನಕ್ಕಳು.

"ನೋಡು, ನೋಡು. ಸಾಲು ನೆಟ್ಟಗಿಲ್ಲ ಅಂತ ಅವತ್ತೇ ಹೇಳಿದ್ದೆ. ಇದೇನು ಬೆರಿ ಗಾಡಿನೋ ಸರ್ಕಸ್ ಗಾಡಿನೋ ಅಂತ. ಕೇಳ್ತಾನಾ? ಅಡುಗೆಮನೆ ನೆಲದ ಮೇಲೆ ಬೋರಲು ಮಲ್ಕೊಂಡು ಕತ್ತರಿಸಿದ್ದ ನನ್ನ ಗಂಡ."

"ಮಿಸೆಸ್ ಬ್ರಾಂಡ್ಸ್ಮಾ, ನಾನು..."

"ಅಲೀಡಾ ಅನ್ನು. ನೀನು ಏನು ಮಾಡಿದೆ ಅಂತ ಗೊತ್ತು. ನನ್ನ ಮಗ ಹೇಳಲಿಲ್ಲ, ಅವನು ಯಾವಾಗ ಹೇಳಿದ್ದಾನೆ? ಊಟಕ್ಕೆ ಕೂತು ಆಲೂಗಡ್ಡೆ ನೋಡ್ತಾ ಇದ್ದ. ಬಾಯಿ ಬಿಡಿಸಿದೆ." ಅವಳು ಊರುಗೋಲಿನಿಂದ ಅಕ್ಷರಗಳತ್ತ ತೋರಿಸಿದಳು. "ಅವನಪ್ಪ ತೀರಿಹೋದಾಗ ಇವನು ಇಷ್ಟುದ್ದ. ತೋಟ ಮಾರಿದೆ, ಗಾಡಿ ಮಾರಿದೆ. ಟೇಪ್ ಕಿತ್ತವಳೂ ನಾನೇ. ನಂಗೆ ಆಗ ಅದನ್ನ ಓದೋಕೆ ಆಗ್ತಿರಲಿಲ್ಲ. ಅವನಪ್ಪನ ಕೈಯಿಂದ ಬಂದದ್ದು ಅಂತ ಇವನಿಗೆ ಉಳಿದಿರೋದು ಇಷ್ಟೇ."

ರೀಕಾ ತಲೆ ತಗ್ಗಿಸಿದಳು. "ಅದನ್ನೇ ನಾನು ಅರ್ಧ ಅಳಿಸಿದೆ."

"ನಾನು ಪೂರ್ತಿ ಕಿತ್ತಿದ್ದೆ. ಬಿಸಿಲು ಉಳಿಸ್ತು. ನಿನಗಿಂತ ದೊಡ್ಡ ಕಳ್ಳಿ ನಾನು." ಅಲೀಡಾ ಅವಳ ಗಲ್ಲ ಹಿಡಿದೆತ್ತಿದಳು. "ಈಗ ಹೇಳು ಹುಡುಗಿ, ಈ ಕಡೆ ಏನು ಮಾಡ್ತೀಯ?"

ಉತ್ತರ ಹೇಳುವುದು ಸುಲಭವಿರಲಿಲ್ಲ. ಬಲಗಡೆಯನ್ನು ಹಾಗೆಯೇ ಬಿಟ್ಟರೆ ಮೆರವಣಿಗೆಯಲ್ಲಿ ಊರೆಲ್ಲ ನೋಡುವುದು ಒಂದು ಅರೆಬರೆ ಗಾಡಿ. ಅರ್ಧ ಹೊಸತು, ಅರ್ಧ ಬೂದಿ. 'ನೋಡಿದಿರಾ, ಅವಳು ಯಾವುದನ್ನೂ ಮುಗಿಸೋಳಲ್ಲ.' ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ ಆ ದನಿ ಇಲ್ಲಿಗೂ ಕೇಳಿಸಿತು.

ರೀಕಾ ಕಣ್ಣೊರೆಸಿಕೊಂಡಳು.

"ಏನೂ ಮಾಡಲ್ಲ. ತೊಳೀತೀನಿ, ಅಷ್ಟೇ."

ಅಲೀಡಾ ತಲೆದೂಗಿ, "ಮೆರವಣಿಗೆ ದಿನ ಗಾಡಿ ನಮ್ಮ ಮನೆ ಮುಂದೆ ಇರಲಿ. ಓಡಿಸೋನು ಓಡಿಸ್ತಾನೆ," ಎಂದಳು.

ಹಾರ್ಮ್ ಚಿಕ್ಕಪ್ಪನಿಗೆ ವಿಷಯ ತಿಳಿದಾಗ ತಲೆಯ ಮೇಲೆ ಕೈಹೊತ್ತ. "ಅರ್ಧ ಕ್ಷೌರ ಮಾಡಿ ಮದುಮಗನ್ನ ಮೆರವಣಿಗೆಗೆ ಕಳಿಸ್ತೀಯಾ? ಅಂಗಡಿ ಬಾಗಿಲು ಹಾಕೋದು ಗ್ಯಾರಂಟಿ."

"ಹಾಕೋಣ ಬಿಡು, ಚಿಕ್ಕಪ್ಪ."

ಅವಳು ಹತ್ತಿಬಟ್ಟೆಯನ್ನು ಸೋಪುನೀರಲ್ಲಿ ಅದ್ದಿ ಒಂದೊಂದೇ ಅಕ್ಷರವನ್ನು ಒರೆಸಿದಳು. ಹೊಸ ಹೊದಿಕೆ ಕೂರಿಸಿದಾಗಲೂ ಅಷ್ಟು ಎಚ್ಚರ ವಹಿಸಿರಲಿಲ್ಲ. ಹಬ್ಬದ ಬೆಳಿಗ್ಗೆ ಗಾಡಿಯನ್ನು ಅಲೀಡಾಳ ಮನೆ ಮುಂದೆ ನಿಲ್ಲಿಸಿ, ಕೀಲಿಯನ್ನು ಮುದುಕಿಯ ಕೈಗಿಟ್ಟು, ಯಾರೂ ಬಾಗಿಲಿಗೆ ಬರುವ ಮೊದಲು ನಡೆದುಬಂದಳು.

*

ಮೆರವಣಿಗೆಯ ಬೀದಿಯಲ್ಲಿ ರೀಕಾ ಬೇಕೆಂದೇ ಬಲಗಡೆಯ ಜನರ ನಡುವೆ ನಿಂತಳು. ನಗುವವರು ಈ ಕಡೆಯವರು. ನಗು ಬರುವುದಾದರೆ ತನ್ನ ಕಿವಿಗೇ ಬೀಳಲಿ.

ಟ್ರ್ಯಾಕ್ಟರುಗಳು ಸಾಗಿದವು. ಅವುಗಳ ಹಿಂದೆ ಶಾಲೆಯ ಬ್ಯಾಂಡು. ಆಮೇಲೆ ತಿರುವಿನಲ್ಲಿ ಬ್ಯೂಕ್ ಕಾಣಿಸಿತು. ಸ್ಟೀರಿಂಗ್ ಹಿಂದೆ ತೂನಿಸ್, ನೆಟ್ಟಗೆ. ಹಿಂಬಾಗಿಲು ಪೂರ್ತಿ ತೆರೆದು, ಅಲ್ಲಿ ಹೂವಿನ ಟೋಪಿ ಹಾಕಿ ಕಾಲು ಇಳಿಬಿಟ್ಟು ಕೂತ ಅಲೀಡಾ, ಎರಡೂ ಕಡೆಗೆ ಮಿಠಾಯಿ ಎಸೆಯುತ್ತಿದ್ದಳು.

ಎದುರು ಬದಿಯಿಂದ ಚಪ್ಪಾಳೆ ಎದ್ದಿತು. ಹೊಸ ಮರ ಅವರತ್ತ ಹೊಳೆಯುತ್ತಿತ್ತು. "ಶೋರೂಮಿನಿಂದ ಈಗ ತಂದ ಹಾಗಿದೆ ಕಣ್ರೀ," ಎಂದಿತು ಒಂದು ದನಿ.

ಈ ಬದಿಯಲ್ಲಿ ಮೌನ.

ರೀಕಾ ಉಗುರು ಅಂಗೈಗೊತ್ತಿ ನಿಂತಳು.

ಅವಳ ಪಕ್ಕದಲ್ಲಿದ್ದ ಒಬ್ಬ ಅಜ್ಜ ಮೆಲ್ಲಗೆ ಟೋಪಿ ತೆಗೆದ. ಕಣ್ಣು ಕಿರಿದು ಮಾಡಿ, ಅಕ್ಷರ ಕಲಿಯುವವನಂತೆ ಓದಿದ. "ಬ್ಲೂಬೆರಿ... ನೀವೇ... ಕೊಯ್ಯಿರಿ. ಅಯ್ಯೋ, ಇದು ಬ್ರಾಂಡ್ಸ್ಮಾ ಗಾಡಿ."

"ಯಾವ ಬ್ರಾಂಡ್ಸ್ಮಾ?"

"ಸರೋವರದ ದಡದ ಮೇಲಿನ ತೋಟ. ನಾವು ಹುಡುಗರಿದ್ದಾಗ ಅಲ್ಲೇ ಹೊಟ್ಟೆ ತುಂಬ ತಿಂದು, ಬುಟ್ಟಿಗೆ ಒಂದು ಹಿಡಿ ಹಾಕ್ತಿದ್ವಿ." ಅಜ್ಜ ದನಿಯೇರಿಸಿದ. "ಅಲೀಡಾ, ನಿನ್ನ ಬುಟ್ಟಿ ಇನ್ನೂ ನಮ್ಮನೇಲೇ ಇದೆ."

"ಗೊತ್ತು," ಎಂದಳು ಅಲೀಡಾ ಗಾಡಿಯಿಂದಲೇ. "ಬಾಡಿಗೆ ಸೇರಿಸಿ ವಾಪಸ್ ತಾ."

ನಗು ಎದ್ದಿತು. ಆದರೆ ರೀಕಾ ಹೆದರಿದ್ದ ನಗುವಲ್ಲ ಅದು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಓದಿದರು, ಹಿರಿಯರು ಮಕ್ಕಳನ್ನು ಎತ್ತಿ ತೋರಿಸಿದರು. ಹೊಸ ಗಾಡಿ ಎಂದವರಿಗೂ ಹಳೆಯ ಗಾಡಿ ಎಂದವರಿಗೂ ಬೀದಿಯ ಅಡ್ಡಕ್ಕೆ ವಾದ ಹತ್ತಿತು. ಆ ಬದಿಯವರು ಈ ಬದಿಗೆ ಓಡಿಬಂದರು, ಈ ಬದಿಯವರು ಆ ಬದಿಗೆ. ಚಪ್ಪಾಳೆ ಈಗ ಎರಡೂ ಕಡೆಯಿಂದ ಬಂದು ನಡುಬೀದಿಯಲ್ಲಿ ಕೂಡಿತು.

"ನನ್ನ ಅಣ್ಣನ ಮಗಳು ಮಾಡಿದ್ದು," ಎಂದು ಎಲ್ಲಿಂದಲೋ ಹಾರ್ಮ್ ಚಿಕ್ಕಪ್ಪನ ದನಿ. "ಎರಡೂ ಮಗ್ಗುಲು ನೋಡ್ರಯ್ಯಾ. ಒಂದೇ ನೋಡಿ ಮಾತಾಡಬೇಡಿ."

ಆಗಲೇ ಬ್ಯೂಕ್ ನಿಂತಿತು.

ಸರಿಯಾಗಿ ರೀಕಾಳ ಮುಂದೆ. ಹಿಂದಿದ್ದ ಅಗ್ನಿಶಾಮಕ ಗಾಡಿ ಬ್ರೇಕ್ ಹಾಕಿ ಹಾರ್ನ್ ಬಾರಿಸಿತು. ಇಡೀ ಮೆರವಣಿಗೆ ನಿಂತಿತು. ತೂನಿಸ್ ಸೀಟಿನ ಮೇಲೆ ಬಾಗಿ ಈ ಕಡೆಯ ಬಾಗಿಲು ತೆರೆದ.

"ಹತ್ತು, ರೀಕಾ."

ಇಷ್ಟು ದಿನ 'ನೀವು' ಎಂದಿದ್ದವನು.

"ತೂನಿಸ್, ಹಿಂದೆ ಬೆಂಕಿ ಗಾಡಿ ನಿಂತಿದೆ. ಹಾರ್ನ್ ಹೊಡೀತಿದಾರೆ."

"ಹೊಡೀಲಿ. ಅವರಿಗೆ ಅಭ್ಯಾಸ."

"ಹತ್ತೇ ಹುಡುಗಿ," ಎಂದಳು ಅಲೀಡಾ ಹಿಂದಿನಿಂದ. "ಅವನಾಗಿ ಬಾಯಿ ಬಿಟ್ಟಿದಾನೆ. ಮುಚ್ಚಿಕೊಳ್ಳೋ ಮೊದಲು ಹತ್ತು."

ಊರೆಲ್ಲ ನೋಡುತ್ತಿತ್ತು. ಅವಳು ಹತ್ತಿದಳು. ಗಾಡಿ ಮತ್ತೆ ಹೊರಟಿತು, ನಡೆಯುವವರ ವೇಗದಲ್ಲಿ.

ತೂನಿಸ್ ರಸ್ತೆಯನ್ನೇ ನೋಡುತ್ತ ಮಾತಾಡಿದ. ಒಂದೊಂದು ಮಾತನ್ನೂ ಎಲ್ಲಿಂದಲೋ ಹೊತ್ತು ತರುವವನಂತೆ.

"ನಂಗೆ ಅವತ್ತು ಸಿಟ್ಟು ಬಂದಿರಲಿಲ್ಲ."

"ಮತ್ತೆ ಯಾಕೆ ಹೋದೆ?"

"ಅಪ್ಪನ ಅಕ್ಷರ ಹೋಯ್ತು. ಅಳು ಬರಬೇಕಿತ್ತು. ಆದ್ರೆ ನಾನು... ನಿನ್ನ ಕೆಲಸ ನೋಡ್ತಾ ನಿಂತುಬಿಟ್ಟೆ. ಅಷ್ಟು ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೇ ಅಪ್ಪನಿಗೆ ದ್ರೋಹ ಮಾಡಿದ ಹಾಗಾಯ್ತು. ಅದಕ್ಕೇ, ಬಲಗಡೆ ಮುಟ್ಟಬೇಡ ಅಂತಲೂ ಹೇಳದೆ ಹೋದೆ." ಅವನು ಉಸಿರೆಳೆದುಕೊಂಡ. "ಆಮೇಲೆ ನೀನು ಗಾಡಿ ತಗೊಂಡು ಹೋಗಿ ಅಂದೆ. ಇನ್ನು ಬರಬೇಡ ಅಂತ ಅಂದ್ಕೊಂಡೆ."

"ನಾನು ನಾಚಿಕೆಗೆ ಅಂದದ್ದು, ತೂನಿಸ್. ನೀನು ಬರದ ಶನಿವಾರ ಶೆಡ್ಡಿನಲ್ಲಿ ನಿಲ್ಲೋಕೂ ಆಗಲಿಲ್ಲ ನಂಗೆ."

"ಬೆಳಿಗ್ಗೆ ಎದ್ದು ನೋಡಿದೆ. ಬಲಗಡೆ ಹಾಗೇ ಇತ್ತು. ನಿನ್ನ ಹೆಸರು ಹೋದರೂ ಸರಿ ಅಂತ ಬಿಟ್ಟಿದ್ದೆ ನೀನು." ಅವನು ಈಗ ಅವಳತ್ತ ತಿರುಗಿದ. "ನಂಗೆ ಎರಡೂ ಮಗ್ಗುಲು ಬೇಕು, ರೀಕಾ. ಅಪ್ಪಂದೂ, ನಿಂದೂ. ಮತ್ತೆ... ನೀನೂ ಬೇಕು."

ಗಾಡಿಯ ಎರಡೂ ಬದಿ ಚಪ್ಪಾಳೆ ಹರಿಯುತ್ತಿತ್ತು. ರೀಕಾಳಿಗೆ ಅದು ದೂರದ ಅಲೆಯ ಸದ್ದಿನಂತೆ ಕೇಳಿಸಿತು. ಅವಳು ಸ್ಟೀರಿಂಗ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ರಸ್ತೆ ನೋಡು. ಮುಂದೆ ಬ್ಯಾಂಡಿನವರಿದ್ದಾರೆ."

"ಇದು ಉತ್ತರಾನಾ?"

"ಅವರನ್ನ ಗುದ್ದದೆ ಹೋದ್ರೆ ಉತ್ತರ ಹೌದು ಅಂತ."

ಹಿಂದಿನಿಂದ ಅಲೀಡಾ ಮಿಠಾಯಿಯ ಕೊನೆಯ ಹಿಡಿಯನ್ನು ಜನರತ್ತ ಎಸೆದು, ಕೇಳಿಸದವಳಂತೆ ಟೋಪಿ ಸರಿಪಡಿಸಿಕೊಂಡಳು.

ಬೀದಿ ಮುಗಿದು ಸರೋವರದ ನೀಲಿ ಕಾಣಿಸಿತು. ಮೆರವಣಿಗೆಯ ಗಾಡಿಗಳು ಒಂದೊಂದಾಗಿ ಬಯಲಿಗೆ ತಿರುಗಿದವು. ಅಲೀಡಾ ಅಲ್ಲೇ ಇಳಿದಳು, ಬ್ಯೂಕ್ ಮಾತ್ರ ತಿರುಗಲಿಲ್ಲ.

"ಎಲ್ಲಿಗೆ ಹೊರಟೆ?" ಎಂದು ಕೇಳಿದಳು ರೀಕಾ.

"ದಡದ ದಾರಿಲಿ, ಉತ್ತರಕ್ಕೆ. ಬರ್ತೀಯಾ?"

"ಈ ಗಾಡಿ ಪೆಟ್ರೋಲನ್ನ ನೀರಿನ ಹಾಗೆ ಕುಡಿಯುತ್ತೆ, ತೂನಿಸ್. ಊರೂರಿಗೆ ನಿಲ್ಲಿಸಬೇಕಾಗುತ್ತೆ."

"ನಿಲ್ಲಿಸೋಣ," ಎಂದ ತೂನಿಸ್. "ನಂಗೆ ಹೇಳೋದು ಬಹಳ ಇದೆ. ನಿಧಾನಕ್ಕೆ ಹೇಳ್ತೀನಿ."